ಸರಾಸರಿಗಿಂತ ಮೇಲಿನವನು

ಕ್ಯಾಂಟೀನಿನಲ್ಲಿ ಕೂತಿರುವ ಗೆಳೆಯರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು ಕೇಳಿ ನೋಡಿ. ಈ ಕಾಲೇಜಿನಲ್ಲಿ ಗಾಡಿ ಓಡಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನೀನು ಮೇಲಿನ ಅರ್ಧದಲ್ಲಿರ್ತೀಯೋ, ಕೆಳಗಿನ ಅರ್ಧದಲ್ಲೋ ಅಂತ. ಕೆಳಗಿನ ಅರ್ಧ ಅನ್ನುವವರು ಸಿಗೋದು ಬಹಳ ಕಷ್ಟ. ಸಿಕ್ಕರೂ ಅವರು ಮೊನ್ನೆ ಮೊನ್ನೆ ಎಲ್‌ಎಲ್ ಮಾಡಿಸಿಕೊಂಡವರಾಗಿರುತ್ತಾರೆ.

ನಾನೂ ಇದೇ ಪೈಕಿ. ಸೆಕೆಂಡ್ ಇಯರ್‌ನಲ್ಲಿ ಒಂದು ಮಳೆಯ ಸಂಜೆ ತಿರುವಿನಲ್ಲಿ ಬೈಕ್ ಸಮೇತ ಜಾರಿ ಬಿದ್ದೆ. ಮೊಣಕೈ ತೊಳೆದುಕೊಳ್ಳುತ್ತಾ ರೂಮ್‌ಮೇಟ್‌ಗೆ ಹೇಳಿದ್ದು ರಸ್ತೆ ಮೇಲೆ ಮರಳಿತ್ತು ಕಣೋ ಅಂತ. ಮರಳು ಇದ್ದದ್ದು ನಿಜವೇ. ಎಷ್ಟು ಸ್ಪೀಡಲ್ಲಿ ಬರ್ತಿದ್ದೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

1981ರಲ್ಲಿ ಓಲಾ ಸ್ವೆನ್ಸನ್ ಎಂಬ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಇದೇ ಪ್ರಶ್ನೆಯನ್ನು ಅಮೆರಿಕದ ಮತ್ತು ಸ್ವೀಡನ್ನಿನ ವಿದ್ಯಾರ್ಥಿಗಳಿಗೆ ಕೇಳಿದ. ಅಮೆರಿಕದವರಲ್ಲಿ 93 ಶೇಕಡಾ, ಸ್ವೀಡನ್ನಿನವರಲ್ಲಿ 69 ಶೇಕಡಾ ಮಂದಿ ಕೌಶಲದಲ್ಲಿ ತಾವು ಮೇಲಿನ ಅರ್ಧದವರು ಅಂದರು. ಸ್ಟ್ಯಾಟಿಸ್ಟಿಕ್ಸ್ ಓದಿದವರು ತಕ್ಷಣ ಒಂದು ಆಕ್ಷೇಪ ಎತ್ತಬಹುದು. ಸರಾಸರಿ, ಅಂದರೆ ಮೀನ್, ಆಗಿದ್ದರೆ ಬಹುತೇಕರು ಅದಕ್ಕಿಂತ ಮೇಲಿರೋದು ಸಾಧ್ಯ. ನಾಲ್ಕೈದು ಜನ ತೀರಾ ಕೆಟ್ಟದಾಗಿ ಓಡಿಸಿದರೆ ಸಾಕು, ಸರಾಸರಿ ಕೆಳಗಿಳಿಯುತ್ತೆ. ಆದರೆ ಸ್ವೆನ್ಸನ್ ಕೇಳಿದ್ದು ಅರ್ಧದ ಲೆಕ್ಕ, ಮೀಡಿಯನ್ ಲೆಕ್ಕ. ಅರ್ಧದಷ್ಟು ಜನರಿಗಿಂತ ಮೇಲಿರೋಕೆ ಅರ್ಧದಷ್ಟು ಜನರಿಗೆ ಮಾತ್ರ ಸಾಧ್ಯ. ಹಾಗಾಗಿ ಉಳಿದವರ ಲೆಕ್ಕ ಎಲ್ಲೋ ತಪ್ಪಿದೆ.

ಈ ಅಧ್ಯಯನದ ಬಗ್ಗೆ ಓದಿದಾಗಿನಿಂದ ನನಗೊಂದು ಕುತೂಹಲ. ಲೆಕ್ಕ ತಪ್ಪಿದವರ ವಿಷಯ ಬಿಡಿ. ನಿಜವಾಗಿಯೂ ಉಳಿದವರಿಗಿಂತ ಚೆನ್ನಾಗಿ ಓಡಿಸುವವನು, ಅದಕ್ಕೆ ಪುರಾವೆ ಇರುವವನು, ರಸ್ತೆಗೆ ಬಂದಾಗ ಏನಾಗುತ್ತಾನೆ? ಅಂಥವನೊಬ್ಬನ ಕಥೆ ಇಲ್ಲಿದೆ. ಅವನು ಮೈಕ್ ಹಾಥಾರ್ನ್, ಫಾರ್ಮುಲಾ 1 ವಿಶ್ವ ಚಾಂಪಿಯನ್ ಆದ ಮೊದಲ ಬ್ರಿಟಿಷ್ ಡ್ರೈವರ್. ಹ್ಯಾಮಿಲ್ಟನ್, ವರ್ಸ್ಟಾಪೆನ್ ಹೆಸರುಗಳನ್ನು ನಿದ್ದೆಯಲ್ಲೂ ಹೇಳುವ ನಮ್ಮ ಹಾಸ್ಟೆಲ್‌ನಲ್ಲಿ ಈ ಹೆಸರು ಗೊತ್ತಿದ್ದವರು ನನಗೆ ಸಿಗಲಿಲ್ಲ.

ಹಾಥಾರ್ನ್ ಹುಟ್ಟಿದ್ದು 1929ರ ಏಪ್ರಿಲ್ 10ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಮೆಕ್ಸ್‌ಬರೋ ಎಂಬ ಊರಿನಲ್ಲಿ. ಅಪ್ಪ ಲೆಸ್ಲಿ ಮೋಟಾರ್‌ಸೈಕಲ್ ರೇಸಿನವನು. ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿಗೆ ಹತ್ತಿರ ಇರಬೇಕು ಅಂತ ಸಂಸಾರವನ್ನು ದಕ್ಷಿಣದ ಫಾರ್ನಮ್ ಎಂಬ ಊರಿಗೆ ತಂದು, ಅಲ್ಲಿ ಟೂರಿಸ್ಟ್ ಟ್ರೋಫಿ ಗ್ಯಾರೇಜ್ ನಡೆಸಿದ. ಹುಡುಗ ಬೆಳೆದದ್ದು ಗ್ರೀಸಿನ ವಾಸನೆಯಲ್ಲೇ. ಓದು ಮುಗಿಸಿ ಪಕ್ಕದ ಗಿಲ್ಡ್‌ಫರ್ಡ್ ಊರಿನಲ್ಲಿ, ಲಾರಿ ಮತ್ತು ಫೈರ್ ಎಂಜಿನ್ ಮಾಡುವ ಡೆನಿಸ್ ಬ್ರದರ್ಸ್ ಕಂಪನಿಯಲ್ಲಿ ಅಪ್ರೆಂಟಿಸ್ ಆದ. ಚೆಲ್ಸಿಯ ತಾಂತ್ರಿಕ ಕಾಲೇಜಿನಲ್ಲೂ ಸ್ವಲ್ಪ ಕಾಲ ಓದಿದ. ಅಂದರೆ ನಮ್ಮ ಜಾತಿಯವನೇ. ಗಿಲ್ಡ್‌ಫರ್ಡ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1950ರಲ್ಲಿ, 21ನೇ ವಯಸ್ಸಿನಲ್ಲಿ, ಬ್ರೈಟನ್ನಿನ ಸಮುದ್ರದ ದಂಡೆಯ ರಸ್ತೆಯಲ್ಲಿ ನಡೆಯುತ್ತಿದ್ದ ಸ್ಪೀಡ್ ಟ್ರಯಲ್‌ಗೆ ಹಳೆಯದೊಂದು ರೈಲಿ ಕಾರು ಹತ್ತಿ ತನ್ನ ದರ್ಜೆಯಲ್ಲಿ ಗೆದ್ದ. ಮುಂದಿನ ವರ್ಷ ಇನ್ನಷ್ಟು ಗೆಲುವು. 1952ರಲ್ಲಿ ಮನೆಯವರ ಸ್ನೇಹಿತರೊಬ್ಬರು ಕೂಪರ್-ಬ್ರಿಸ್ಟಲ್ ಕಾರು ಕೊಡಿಸಿದರು. ಗುಡ್‌ವುಡ್‌ನಲ್ಲಿ ಈಸ್ಟರ್ ಸೋಮವಾರ ಒಂದೇ ದಿನ ಎರಡು ರೇಸ್ ಗೆದ್ದು ಮೂರನೆಯದರಲ್ಲಿ ಎರಡನೆಯವನಾದ. ಆ ದಿನದ ನಂತರ ಇಂಗ್ಲೆಂಡಿನ ಪತ್ರಿಕೆಗಳಿಗೆ ಅವನ ಹೆಸರು ಬಾಯಿಪಾಠ. ಬೆಳ್ಳಗೆ, ಎತ್ತರಕ್ಕೆ, ಕೆಂಚು ಕೂದಲಿನ ಹುಡುಗ. ರೇಸಿನಲ್ಲೂ ಕತ್ತಿಗೆ ಬೋ ಟೈ ಕಟ್ಟಿಕೊಂಡೇ ಕೂರುತ್ತಿದ್ದ. ಫ್ರಾನ್ಸಿನವರು ಅವನನ್ನು ಚಿಟ್ಟೆ ಅಂತಲೇ ಕರೆದರು. ಅದೇ ವರ್ಷದ ಕೊನೆಗೆ ಎಂಜೊ ಫೆರಾರಿಯಿಂದ ಕರೆ.

1953ರ ಜುಲೈ 5, ಫ್ರಾನ್ಸಿನ ರೀಮ್ಸ್. ಗೋಧಿ ಹೊಲಗಳ ನಡುವಿನ ಸಾರ್ವಜನಿಕ ರಸ್ತೆಗಳನ್ನೇ ಮುಚ್ಚಿ ಮಾಡಿದ ಟ್ರ್ಯಾಕ್. ಆಗಿನ ದೊಡ್ಡ ರೇಸುಗಳಲ್ಲಿ ಬಹಳಷ್ಟು ಹೀಗೇ ನಡೆಯುತ್ತಿದ್ದವು. ಸೋಮವಾರ ಹಾಲಿನ ವ್ಯಾನು ಹೋಗುವ ರಸ್ತೆಯಲ್ಲೇ ಭಾನುವಾರ ಗ್ರಾಂ ಪ್ರಿ. ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ ಮಸೆರಾಟಿಯಲ್ಲಿ, 24ರ ಹಾಥಾರ್ನ್ ಫೆರಾರಿಯಲ್ಲಿ. ಸುತ್ತಿನ ಮೇಲೆ ಸುತ್ತು ಪಕ್ಕ ಪಕ್ಕದಲ್ಲಿ, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ. ಕೊನೆಯ ತಿರುವಿನಿಂದ ಮೊದಲು ಹೊರಬಿದ್ದವನು ಹಾಥಾರ್ನ್. ಗೆದ್ದದ್ದು ಒಂದು ಸೆಕೆಂಡಿನಿಂದ. ವಿಶ್ವ ಚಾಂಪಿಯನ್‌ಷಿಪ್ಪಿನ ಗ್ರಾಂ ಪ್ರಿ ಗೆದ್ದ ಮೊದಲ ಬ್ರಿಟಿಷ್ ಡ್ರೈವರ್. ಎದುರಿಗಿದ್ದದ್ದು ಫಾಂಜಿಯೊ ಅನ್ನೋದನ್ನ ಮರೆಯಬೇಡಿ. ಹುಡುಗ ತನ್ನನ್ನು ತಾನು ಬಹಳ ಚೆನ್ನಾಗಿ ಓಡಿಸುವವನು ಅಂದುಕೊಂಡಿದ್ದರೆ ಅದು ಭ್ರಮೆ ಆಗಿರಲಿಲ್ಲ.

1954 ಕೆಟ್ಟ ವರ್ಷ. ಸಿಸಿಲಿಯ ಸಿರಕ್ಯೂಸ್‌ನಲ್ಲಿ ಕಾರು ಗೋಡೆಗೆ ಬಡಿದು ಬೆಂಕಿ ಹತ್ತಿ ಕೈಕಾಲು ಸುಟ್ಟುಕೊಂಡ. ಚೇತರಿಸಿಕೊಳ್ಳುವಷ್ಟರಲ್ಲಿ ಅಪ್ಪ ಲೆಸ್ಲಿ ತೀರಿಕೊಂಡ. ರೇಸಿನಲ್ಲಲ್ಲ, ಗುಡ್‌ವುಡ್‌ನಿಂದ ಮನೆಗೆ ಬರುವ ಮಾಮೂಲಿ ರಸ್ತೆಯಲ್ಲಿ, ಮಾಮೂಲಿ ಅಪಘಾತದಲ್ಲಿ. ಇದರ ಜೊತೆಗೆ ಇನ್ನೊಂದು ರಗಳೆ. ಆಗ ಬ್ರಿಟನ್ನಿನಲ್ಲಿ ಯುವಕರಿಗೆ ಕಡ್ಡಾಯ ಸೇನಾ ಸೇವೆ ಇತ್ತು. ಇವನು ತಪ್ಪಿಸಿಕೊಂಡು ವಿದೇಶದಲ್ಲಿ ಕಾರು ಓಡಿಸಿಕೊಂಡಿದ್ದಾನೆ ಅಂತ ಪತ್ರಿಕೆಗಳು ಬರೆದವು, ಪಾರ್ಲಿಮೆಂಟಿನಲ್ಲೂ ಮಾತು ಎದ್ದಿತು. ಅವನಿಗೆ ಮೂತ್ರಪಿಂಡದ ಕಾಯಿಲೆ ಇತ್ತು, ಅದು ಓದುಗರಿಗೆ ಗೊತ್ತಿರಲಿಲ್ಲ. ಮುಂದೆ ಒಂದು ಮೂತ್ರಪಿಂಡ ಹೋಯಿತು, ಇನ್ನೊಂದೂ ತೊಂದರೆ ಕೊಡತೊಡಗಿತು. ಬೋ ಟೈ ಕಟ್ಟಿ ನಗುವ ಫೋಟೋಗಳನ್ನು ನೋಡಿದರೆ ಇದು ಯಾವುದೂ ಕಾಣೋದಿಲ್ಲ.

ಈಗ 1955ರ ಜೂನ್ 11. ಇಲ್ಲಿ ಸ್ವಲ್ಪ ನಿಲ್ಲಬೇಕು.

ಲ ಮಾನ್ಸ್ 24 ಗಂಟೆಗಳ ರೇಸ್. ಸಾಯಂಕಾಲ 4ಕ್ಕೆ ಶುರು. ಹಾಥಾರ್ನ್ ಜಾಗ್ವಾರ್ ಡಿ-ಟೈಪ್‌ನಲ್ಲಿ, ಫಾಂಜಿಯೊ ಮರ್ಸಿಡಿಸ್ 300 ಎಸ್‌ಎಲ್‌ಆರ್‌ನಲ್ಲಿ. 24 ಗಂಟೆ ಓಡಬೇಕಾದ ರೇಸನ್ನು ಇಬ್ಬರೂ ಎರಡು ಗಂಟೆಯ ರೇಸಿನಂತೆ ಓಡಿಸಿದರು. ಲ್ಯಾಪ್ ರೆಕಾರ್ಡ್ ಒಬ್ಬ ಮುರಿಯೋದು, ಇನ್ನೊಬ್ಬ ಮತ್ತೆ ಮುರಿಯೋದು. ಇಡೀ ಸುತ್ತಿನ ಸರಾಸರಿ ವೇಗವೇ ಗಂಟೆಗೆ 190 ಕಿ.ಮೀ. ದಾಟಿತ್ತು. ಆ ವರ್ಷದ ಎಂಜಿನಿಯರಿಂಗ್ ಜಗಳ ಬ್ರೇಕಿನದು. ಜಾಗ್ವಾರ್ ಡಿಸ್ಕ್ ಬ್ರೇಕ್ ಹಾಕಿತ್ತು. ಮರ್ಸಿಡಿಸ್ ಇನ್ನೂ ಡ್ರಮ್‌ನಲ್ಲೇ ಇತ್ತು. ಕೊರತೆ ತುಂಬಿಸೋಕೆ ಡ್ರೈವರ್ ಬೆನ್ನಹಿಂದೆ ಎದ್ದು ನಿಲ್ಲುವ ದೊಡ್ಡ ಏರ್ ಬ್ರೇಕ್ ಫಲಕ ಇಟ್ಟಿದ್ದರು. ಡ್ರಮ್ ಬಿಸಿಯಾದಷ್ಟೂ ಹಿಡಿತ ಕಳೆದುಕೊಳ್ಳುತ್ತೆ. ಡಿಸ್ಕ್‌ಗೆ ಗಾಳಿ ತಾಗುತ್ತೆ, ತಣ್ಣಗಾಗುತ್ತೆ, ಮತ್ತೆ ಮತ್ತೆ ಅಷ್ಟೇ ಜೋರಾಗಿ ಹಿಡಿಯುತ್ತೆ.

ಸಂಜೆ ಆರೂವರೆಯ ಹೊತ್ತಿಗೆ ಹಾಥಾರ್ನ್ ಪೆಟ್ರೋಲ್ ತುಂಬಿಸೋಕೆ, ಜೊತೆಗಾರ ಐವರ್ ಬ್ಯೂಬ್‌ಗೆ ಕಾರು ಕೊಡೋಕೆ ಪಿಟ್‌ಗೆ ಬರಬೇಕಿತ್ತು. ಈಗಿನಂತೆ ಪ್ರತ್ಯೇಕ ಪಿಟ್ ಲೇನ್ ಇಲ್ಲ, ನಡುವೆ ಗೋಡೆಯೂ ಇಲ್ಲ. ಟ್ರ್ಯಾಕಿನ ಬಲಬದಿಯೇ ಪಿಟ್, ಎಡಬದಿಯಲ್ಲಿ ಮಣ್ಣಿನ ದಿಬ್ಬ, ಅದರಾಚೆ ಜನ. ಪಿಟ್‌ಗೆ ಸ್ವಲ್ಪ ಮೊದಲು ಹಾಥಾರ್ನ್ ತನಗಿಂತ ನಿಧಾನದ ಲ್ಯಾನ್ಸ್ ಮ್ಯಾಕ್ಲಿನ್‌ನ ಆಸ್ಟಿನ್-ಹೀಲಿಯನ್ನು ಹಿಂದೆ ಹಾಕಿ, ಬಲಕ್ಕೆ ಬಂದು, ಬ್ರೇಕ್ ಒತ್ತಿದ. ಎದುರಿಗೆ ಬಂದು ನಿಧಾನವಾದ ಜಾಗ್ವಾರನ್ನು ತಪ್ಪಿಸೋಕೆ ಮ್ಯಾಕ್ಲಿನ್ ಎಡಕ್ಕೆ ಎಳೆದ. ಎಡಬದಿಯಲ್ಲಿ ಅವನ ಹಿಂದಿನಿಂದ ಭಾರೀ ವೇಗದಲ್ಲಿ ಪಿಯೆರ್ ಲೆವೆಗ್‌ನ ಮರ್ಸಿಡಿಸ್ ಬರುತ್ತಿತ್ತು. ಆಸ್ಟಿನ್-ಹೀಲಿಯ ಇಳಿಜಾರಾದ ಹಿಂಭಾಗ ಹತ್ತಿ ಅದು ಗಾಳಿಗೆ ಎದ್ದಿತು. ದಿಬ್ಬಕ್ಕೆ ಬಡಿದು ಚೂರಾಯಿತು. ಎಂಜಿನ್, ಮುಂದಿನ ಆಕ್ಸಲ್, ಬಾನೆಟ್ ಜನರ ನಡುವೆ ಹಾದುಹೋದವು. ಬಾಡಿ ಮೆಗ್ನೀಸಿಯಂ ಮಿಶ್ರಲೋಹದ್ದು. ನೀರು ಹಾಕಿದಷ್ಟೂ ಉರಿ ಹೆಚ್ಚಾಯಿತು. ಲೆವೆಗ್ ಸತ್ತ. ಅವನ ಜೊತೆ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಮೋಟಾರ್ ರೇಸಿಂಗ್ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ದುರಂತ ಇಲ್ಲ.

ಲೆವೆಗ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಾಗೋದಿಲ್ಲ. 1952ರಲ್ಲಿ ಇದೇ ಲ ಮಾನ್ಸ್‌ನಲ್ಲಿ ಅವನು ಜೊತೆ ಡ್ರೈವರ್‌ಗೆ ಕಾರು ಕೊಡದೆ, ಒಬ್ಬನೇ, ಹೆಚ್ಚುಕಮ್ಮಿ 23 ಗಂಟೆ ಓಡಿಸಿದ್ದ. ಎಲ್ಲರಿಗಿಂತ ಮುಂದಿದ್ದ. ಕೊನೆಯ ಹಂತದಲ್ಲಿ ಎಂಜಿನ್ ಕೈಕೊಟ್ಟಿತು. ನಿದ್ದೆಗಣ್ಣಿನಲ್ಲಿ ಗೇರ್ ತಪ್ಪಿ ಹಾಕಿದ ಅಂತ ಆಗಲೇ ಹಲವರು ಅಂದರು. ತನ್ನ ಕೈಯನ್ನು ನಂಬಿದಷ್ಟು ಇನ್ನೊಬ್ಬನ ಕೈಯನ್ನು ನಂಬದೇ ಇರೋದು ಬರೀ ಹಾಥಾರ್ನ್ ಕಥೆಯಲ್ಲ.

ಹಾಥಾರ್ನ್ ತನ್ನ ಪಿಟ್ ದಾಟಿ ಮುಂದೆ ಹೋಗಿ ನಿಂತಿದ್ದ. ಇನ್ನೊಂದು ಸುತ್ತು ಹೋಗಿ ಬಾ ಅಂತ ಕಳಿಸಿದರು. ಬಂದವನು ಕಾರಿನಿಂದ ಇಳಿದು ಕುಸಿದುಹೋದ. ಆ ಸಂಜೆ ಅವನು ತನ್ನ ಹತ್ತಿರ ಬಂದು, ತಪ್ಪು ತನ್ನದೇ, ಇನ್ನು ಮುಂದೆ ರೇಸ್ ಓಡಿಸೋದಿಲ್ಲ ಅಂತ ಅತ್ತ ಎಂದು ಮ್ಯಾಕ್ಲಿನ್ ಆಮೇಲಿನ ವರ್ಷಗಳಲ್ಲಿ ಹೇಳುತ್ತಿದ್ದ. ತಂಡದವರು ಸಮಾಧಾನ ಮಾಡಿ ಮತ್ತೆ ಕಾರಿಗೆ ಹತ್ತಿಸಿದರು. ರೇಸ್ ನಿಲ್ಲಿಸಲಿಲ್ಲ, ಜನ ಒಟ್ಟಿಗೆ ಹೊರಟರೆ ಆಂಬುಲೆನ್ಸ್‌ಗಳಿಗೆ ದಾರಿ ಇರೋದಿಲ್ಲ ಅನ್ನೋದು ಕೊಟ್ಟ ಕಾರಣ. ನಡುರಾತ್ರಿ ಕಳೆದ ಮೇಲೆ ಮರ್ಸಿಡಿಸ್ ತಂಡ ಉಳಿದ ಕಾರುಗಳನ್ನು ವಾಪಸ್ ಕರೆದು ಊರಿಗೆ ಹೊರಟುಹೋಯಿತು. ಮರುದಿನ ಗೆದ್ದವರು ಹಾಥಾರ್ನ್ ಮತ್ತು ಬ್ಯೂಬ್. ಅವನು ಶಾಂಪೇನ್ ಹಿಡಿದು ನಗುತ್ತಿರುವ ಫೋಟೋ ಫ್ರಾನ್ಸಿನ ಪತ್ರಿಕೆಯಲ್ಲಿ ಬಂತು. ಜನ ಅದನ್ನು ಮರೆಯಲಿಲ್ಲ.

ಸರ್ಕಾರಿ ತನಿಖೆ ಯಾವ ಡ್ರೈವರ್ ಮೇಲೂ ತಪ್ಪು ಹೊರಿಸಲಿಲ್ಲ. ಟ್ರ್ಯಾಕ್ ಈ ವೇಗಕ್ಕೆ ತಕ್ಕದ್ದಲ್ಲ ಅನ್ನೋದು ತೀರ್ಮಾನ. ಅದು ಸರಿಯೇ, 1920ರ ದಶಕದ ಕಾರುಗಳಿಗೆ ಮಾಡಿದ ರಸ್ತೆ ಅದು. ಆದರೆ ಮೂರು ವರ್ಷದ ನಂತರ, 1958ರಲ್ಲಿ, ಹಾಥಾರ್ನ್ ತನ್ನ ಆತ್ಮಕಥೆ ಪ್ರಕಟಿಸಿದ. ಅದರಲ್ಲಿ ಲ ಮಾನ್ಸ್ ಬಗ್ಗೆ ಬರೆಯುವಾಗ ತನ್ನಿಂದೇನೂ ತಪ್ಪಾಗಿಲ್ಲ ಅಂದ. ಮ್ಯಾಕ್ಲಿನ್‌ಗೆ ಸಾಕಷ್ಟು ಜಾಗ, ಸಾಕಷ್ಟು ಸಮಯ ಬಿಟ್ಟೇ ಬ್ರೇಕ್ ಹಾಕಿದೆ ಅನ್ನೋದು ಅವನ ವಾದ. ಹಾಗಾದರೆ ತಪ್ಪು ಯಾರದ್ದು ಅಂತ ಓದುಗರೇ ಅರ್ಥ ಮಾಡಿಕೊಳ್ಳುವಂತಿತ್ತು. ಮ್ಯಾಕ್ಲಿನ್ ಮಾನನಷ್ಟ ಮೊಕದ್ದಮೆ ಹೂಡಿದ.

ನನಗೆ ಈ ಭಾಗ ಓದುವಾಗ ನನ್ನ ಮರಳಿನ ಕಥೆ ನೆನಪಾಗುತ್ತೆ. ಹೋಲಿಕೆ ತೀರಾ ಸಣ್ಣದು, ಒಪ್ಪುತ್ತೇನೆ. ಆದರೆ ಬಿದ್ದ ರಾತ್ರಿ ಗೊತ್ತಿದ್ದದ್ದು ವಾರ ಕಳೆಯುವಷ್ಟರಲ್ಲಿ ಮಾಸಿ, ಮರಳು ಮಾತ್ರ ಉಳಿಯುತ್ತೆ. 1965ರಲ್ಲಿ ಪ್ರೆಸ್ಟನ್ ಮತ್ತು ಹ್ಯಾರಿಸ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಕಾರು ಅಪಘಾತವಾಗಿ ಆಸ್ಪತ್ರೆ ಸೇರಿದ 50 ಡ್ರೈವರ್‌ಗಳನ್ನು ಮಾತಾಡಿಸಿದ್ದರು. ಅವರಲ್ಲಿ ಹೆಚ್ಚಿನವರದ್ದೇ ತಪ್ಪು ಅಂತ ಪೊಲೀಸ್ ದಾಖಲೆ ಹೇಳುತ್ತಿತ್ತು. ಆದರೂ ನಿಮ್ಮ ಡ್ರೈವಿಂಗ್ ಹೇಗೆ ಅಂದರೆ, ಅಪಘಾತವೇ ಆಗದ ಇನ್ನು 50 ಜನ ತಮಗೆ ಎಷ್ಟು ಅಂಕ ಕೊಟ್ಟುಕೊಂಡರೋ ಹೆಚ್ಚುಕಮ್ಮಿ ಅಷ್ಟೇ ಅಂಕವನ್ನು ಇವರೂ ಕೊಟ್ಟುಕೊಂಡರು.

ಹಾಥಾರ್ನ್ ಮಾತು ಪೂರ್ತಿ ಸುಳ್ಳು ಅಂತಲೂ ನಾನು ಹೇಳೋದಿಲ್ಲ. ಅವನ ಕಣ್ಣಿಗೆ, ಅವನ ಕಾಲಿಗೆ, ಅವನ ಬ್ರೇಕಿಗೆ ಅಷ್ಟು ದೂರ ಸಾಕಾಗಿತ್ತು. ಹಿಂದಿದ್ದವನಿಗೆ ಸಾಕಾಗುತ್ತಾ ಅನ್ನೋದು ಬೇರೆ ಪ್ರಶ್ನೆ. ಚೆನ್ನಾಗಿ ಓಡಿಸುವವನು ಜಾಗವನ್ನು ತನ್ನ ಅಳತೆಗೋಲಿನಲ್ಲೇ ಅಳೆಯುತ್ತಾನೆ. ಗೋಲು ಎಷ್ಟು ನಿಖರವಾಗಿದ್ದರೂ ಅದು ಅವನೊಬ್ಬನದ್ದು.

1957ರಲ್ಲಿ ಹಾಥಾರ್ನ್ ಫೆರಾರಿಗೆ ವಾಪಸ್ ಬಂದ. ಅಲ್ಲಿ ಪೀಟರ್ ಕಾಲಿನ್ಸ್ ಎಂಬ ಇನ್ನೊಬ್ಬ ಇಂಗ್ಲಿಷ್ ಹುಡುಗ. ಇಬ್ಬರೂ ಜೀವದ ಗೆಳೆಯರು. ಒಟ್ಟಿಗೆ ಕುಡಿತ, ಒಟ್ಟಿಗೆ ತರಲೆ. ಆ ವರ್ಷ ಆಗಸ್ಟ್ 4ರಂದು ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ನಡೆದ ರೇಸ್ ಅನ್ನು ಈಗಲೂ ಅತ್ಯುತ್ತಮ ಗ್ರಾಂ ಪ್ರಿಗಳಲ್ಲಿ ಒಂದು ಅಂತಾರೆ. ಸುತ್ತಿಗೆ 22.8 ಕಿ.ಮೀ., ಬೆಟ್ಟ ಕಾಡುಗಳ ನಡುವೆ. ಫಾಂಜಿಯೊ ಅರ್ಧ ಟ್ಯಾಂಕಿನಲ್ಲಿ ಶುರು ಮಾಡಿ ನಡುವೆ ಪಿಟ್‌ಗೆ ಬಂದ. ಅಲ್ಲಿ ತಡವಾಗಿ, ಹೊರಬಂದಾಗ ಹಾಥಾರ್ನ್-ಕಾಲಿನ್ಸ್ ಜೋಡಿಗಿಂತ ಮುಕ್ಕಾಲು ನಿಮಿಷ ಹಿಂದಿದ್ದ. ಆಮೇಲೆ ಸುತ್ತಿನ ಮೇಲೆ ಸುತ್ತು ರೆಕಾರ್ಡ್ ಮುರಿಯುತ್ತಾ ಬಂದ. ಅವನ ಅತಿ ವೇಗದ ಸುತ್ತು ಅವನೇ ಅಭ್ಯಾಸದಲ್ಲಿ ಮಾಡಿದ್ದ ಸಮಯಕ್ಕಿಂತ 8 ಸೆಕೆಂಡು ಕಡಿಮೆ. ಕೊನೆಗೂ ಇಬ್ಬರನ್ನೂ ಹಿಂದೆ ಹಾಕಿ, ಹಾಥಾರ್ನ್‌ಗಿಂತ 3.6 ಸೆಕೆಂಡು ಮೊದಲು ಗೆರೆ ದಾಟಿದ. ಸೋತ ಇಬ್ಬರೂ ಗೆದ್ದವರಂತೆ ಕುಣಿದು ಅವನನ್ನು ತಬ್ಬಿಕೊಂಡರು.

ಫಾಂಜಿಯೊಗೆ ಆಗ 46 ವರ್ಷ, ಅದು ಅವನ ಐದನೇ ವಿಶ್ವ ಪ್ರಶಸ್ತಿಯ ವರ್ಷ. ಆ ದಿನ ತಾನು ತನ್ನ ಮಿತಿ ದಾಟಿ ಓಡಿಸಿದೆ, ಮತ್ತೆ ಯಾವತ್ತೂ ಹಾಗೆ ಓಡಿಸಲಾರೆ ಅಂತ ಅವನು ಆಮೇಲೆ ಹೇಳಿಕೊಂಡ. ನಿಜಕ್ಕೂ ಮತ್ತೆ ಹಾಗೆ ಓಡಿಸಲಿಲ್ಲ, ಮತ್ತೊಂದು ಗ್ರಾಂ ಪ್ರಿಯನ್ನೂ ಗೆಲ್ಲಲಿಲ್ಲ. ಮರುವರ್ಷ ನಿವೃತ್ತನಾಗಿ 84 ವರ್ಷ ಬದುಕಿದ. ತನ್ನ ಬಗ್ಗೆ ಇಷ್ಟು ಸರಿಯಾದ ಲೆಕ್ಕ ಇಟ್ಟ ಡ್ರೈವರ್ ಇನ್ನೊಬ್ಬ ಸಿಗೋದು ಕಷ್ಟ.

1958. ಹಾಥಾರ್ನ್ ಚಾಂಪಿಯನ್ ಆದ ವರ್ಷ, ಮತ್ತು ಸಾವುಗಳ ವರ್ಷ. ಜುಲೈ 6ರಂದು ರೀಮ್ಸ್‌ನಲ್ಲಿ ಅವನು ಗೆದ್ದ. ಅವನನ್ನು ಹಿಡಿಯೋಕೆ ಹೋಗಿ ಅದೇ ತಂಡದ ಲುಯಿಜಿ ಮುಸ್ಸೊ ಸತ್ತ. ಅದು ಫಾಂಜಿಯೊನ ಕೊನೆಯ ರೇಸ್ ಕೂಡ. ಕೊನೆಯಲ್ಲಿ ಫಾಂಜಿಯೊ ಒಂದು ಸುತ್ತು ಹಿಂದೆ ಬೀಳುವ ಹಾಗಾದಾಗ, ಹಿರಿಯನನ್ನು ದಾಟಿ ಅವಮಾನ ಮಾಡಬಾರದು ಅಂತ ಹಾಥಾರ್ನ್ ಕಾಲು ಎತ್ತಿ ಹಿಂದೆಯೇ ಉಳಿದ. ಆಗಸ್ಟ್ 3ರಂದು ನೂರ್ಬರ್ಗ್‌ರಿಂಗ್‌ನಲ್ಲಿ ಟೋನಿ ಬ್ರೂಕ್ಸ್‌ನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಕಾಲಿನ್ಸ್‌ನ ಕಾರು ರಸ್ತೆ ಬಿಟ್ಟು ಹಾರಿತು. ಸ್ವಲ್ಪವೇ ಹಿಂದಿದ್ದ ಹಾಥಾರ್ನ್ ಅದನ್ನು ಕಣ್ಣಾರೆ ನೋಡಿದ. ಕಾಲಿನ್ಸ್ ಅದೇ ದಿನ ಸತ್ತ. ಈ ಆಟ ಸಾಕು ಅನ್ನೋದು ಹಾಥಾರ್ನ್ ಮನಸ್ಸಿನಲ್ಲಿ ಗಟ್ಟಿಯಾದದ್ದು ಆಗಲೇ.

ಮೂರು ವಾರದ ನಂತರ ಪೋರ್ಚುಗಲ್‌ನ ಪೋರ್ಟೊ. ಆ ವರ್ಷದ ಪೈಪೋಟಿ ಹಾಥಾರ್ನ್ ಮತ್ತು ಸ್ಟರ್ಲಿಂಗ್ ಮಾಸ್ ನಡುವೆ. ಮಾಸ್ ಸುಲಭವಾಗಿ ಗೆಲ್ಲುತ್ತಿದ್ದ. ಹಾಥಾರ್ನ್ ಲ್ಯಾಪ್ ರೆಕಾರ್ಡ್ ಮಾಡಿದ್ದಾನೆ ಅಂತ ಪಿಟ್‌ನಿಂದ ಹಲಗೆ ತೋರಿಸಿದರು. ಮೂರಕ್ಷರದಲ್ಲಿ ಕೊನೆಯದನ್ನು ತಪ್ಪಾಗಿ ಓದಿದ ಮಾಸ್, ಅವನು ಮಾಮೂಲಿ ವೇಗದಲ್ಲೇ ಇದ್ದಾನೆ ಅಂದುಕೊಂಡು ಸುಮ್ಮನಾದ. ಅತಿ ವೇಗದ ಸುತ್ತಿಗೆ ಆಗ ಒಂದು ಅಂಕ ಇತ್ತು. ಕೊನೆಯ ಸುತ್ತಿನಲ್ಲಿ ಹಾಥಾರ್ನ್ ಕಾರು ಗಿರ್ರನೆ ತಿರುಗಿ ಬಂದ್ ಬಿತ್ತು. ತಳ್ಳಿ ಶುರು ಮಾಡಿ ಹೇಗೋ ಎರಡನೆಯವನಾದ. ಅವನು ಟ್ರ್ಯಾಕಿನಲ್ಲಿ ವಿರುದ್ಧ ದಿಕ್ಕಿಗೆ ಹೋಗಿದ್ದಾನೆ, ಅನರ್ಹ ಅಂತ ಅಧಿಕಾರಿಗಳು ತೀರ್ಪು ಕೊಡೋದರಲ್ಲಿದ್ದರು. ಆಗ ಎದ್ದು ನಿಂತು, ಅವನು ಹೋದದ್ದು ಫುಟ್‌ಪಾತಿನ ಮೇಲೆ, ಟ್ರ್ಯಾಕಿನ ಮೇಲಲ್ಲ ಅಂತ ಸಾಕ್ಷಿ ಹೇಳಿದವನು ಮಾಸ್. ತನ್ನ ಎದುರಾಳಿಗೆ 7 ಅಂಕ ಉಳಿಸಿಕೊಟ್ಟ.

ಅಕ್ಟೋಬರ್ 19, ಮೊರಾಕೊದ ಕಾಸಾಬ್ಲಾಂಕಾ, ಕೊನೆಯ ರೇಸ್. ಮಾಸ್ ಗೆದ್ದ, ಅತಿ ವೇಗದ ಸುತ್ತೂ ಅವನದ್ದೇ. ಹಾಥಾರ್ನ್‌ಗೆ ಎರಡನೇ ಸ್ಥಾನ ಸಾಕಿತ್ತು, ಜೊತೆಗಾರ ಫಿಲ್ ಹಿಲ್ ಜಾಗ ಬಿಟ್ಟುಕೊಟ್ಟ. ಅಂತಿಮ ಲೆಕ್ಕ ಹಾಥಾರ್ನ್ 42, ಮಾಸ್ 41. ನಾಲ್ಕು ರೇಸ್ ಗೆದ್ದವನು ಎರಡನೆಯವನು, ಒಂದೇ ಒಂದು ಗೆದ್ದವನು ವಿಶ್ವ ಚಾಂಪಿಯನ್. ಮಾಸ್ ಜೀವಮಾನವಿಡೀ ಚಾಂಪಿಯನ್ ಆಗಲೇ ಇಲ್ಲ. ಇಬ್ಬರಲ್ಲಿ ಯಾರು ಮೇಲು ಅನ್ನೋ ಪ್ರಶ್ನೆಗೆ ಅಂಕಪಟ್ಟಿ ಒಂದು ಉತ್ತರ ಕೊಡುತ್ತೆ, ರೇಸ್ ನೋಡಿದವರು ಹೆಚ್ಚಿನವರು ಇನ್ನೊಂದು ಕೊಡುತ್ತಿದ್ದರು. ಅದೇ ರೇಸಿನಲ್ಲಿ ಸುಟ್ಟುಹೋದ ಸ್ಟುವರ್ಟ್ ಲೂಯಿಸ್-ಇವಾನ್ಸ್ ಆರು ದಿನದಲ್ಲಿ ತೀರಿಕೊಂಡ.

ಹಾಥಾರ್ನ್ ನಿವೃತ್ತಿ ಘೋಷಿಸಿದ. 29 ವರ್ಷ. ಜೀನ್ ಹೌವರ್ತ್ ಎಂಬ ಮಾಡೆಲ್ ಜೊತೆ ಮದುವೆ ನಿಶ್ಚಯವಾಗಿತ್ತು. ಫಾರ್ನಮ್‌ನಲ್ಲಿ ಅಪ್ಪನ ಗ್ಯಾರೇಜ್ ಇತ್ತು. ಗೆಳೆಯರನ್ನು ಕೊಂದ ಆಟದಿಂದ ಜೀವ ಸಮೇತ ಹೊರಬಂದಿದ್ದ.

1959ರ ಜನವರಿ 22. ರಸ್ತೆ ಒದ್ದೆ, ಗಾಳಿ ಜೋರು. ಹಾಥಾರ್ನ್ ಫಾರ್ನಮ್‌ನಿಂದ ಲಂಡನ್ ಕಡೆಗೆ ತನ್ನ ಜಾಗ್ವಾರ್ 3.4 ಸಲೂನ್‌ನಲ್ಲಿ ಹೊರಟ. ಕುಟುಂಬಗಳಿಗೆ ಮಾರುವ ನಾಲ್ಕು ಬಾಗಿಲಿನ ಕಾರು, ಆದರೆ ಎಂಜಿನ್ 210 ಹಾರ್ಸ್‌ಪವರ್‌ನದ್ದು. ಹಿಂದಿನ ಚಕ್ರಗಳ ನಡುವಿನ ಅಂತರ ಮುಂದಿನದಕ್ಕಿಂತ ಸುಮಾರು 11 ಸೆಂ.ಮೀ. ಕಡಿಮೆ ಇದ್ದ ಮಾದರಿ ಅದು. ದಾರಿಯಲ್ಲಿ ಮುಂದೆ ಒಂದು ಮರ್ಸಿಡಿಸ್ 300 ಎಸ್‌ಎಲ್ ಕಾಣಿಸಿತು. ಓಡಿಸುತ್ತಿದ್ದವನು ರಾಬ್ ವಾಕರ್, ವಿಸ್ಕಿ ಕಂಪನಿಯ ಮನೆತನದವನು, ಮಾಸ್‌ಗೆ ಕಾರು ಕೊಟ್ಟು ಗೆಲ್ಲಿಸಿದ ರೇಸ್ ತಂಡದ ಒಡೆಯ, ಹಾಥಾರ್ನ್‌ಗೂ ಪರಿಚಿತ. ಲ ಮಾನ್ಸ್‌ನಲ್ಲಿ ಎದುರುಬದುರಾಗಿದ್ದ ಅದೇ ಎರಡು ಕಂಪನಿಗಳ ಕಾರುಗಳು ಈಗ ಊರ ರಸ್ತೆಯಲ್ಲಿ. ಗಿಲ್ಡ್‌ಫರ್ಡ್ ಬೈಪಾಸ್‌ನ ಇಳಿಜಾರಿನಲ್ಲಿ ಇಬ್ಬರೂ ವೇಗ ಹೆಚ್ಚಿಸಿದರು, ಜಾಗ್ವಾರ್ ಮರ್ಸಿಡಿಸನ್ನು ಹಿಂದೆ ಹಾಕಿತು. ಮುಂದಿನ ತಿರುವಿನಲ್ಲಿ ಹಿಂಭಾಗ ಜಾರಿತು. ರಸ್ತೆಯ ನಡುವಿನ ಗುರುತುಕಂಬಕ್ಕೆ ತಾಗಿ, ಎದುರಿನಿಂದ ಬರುತ್ತಿದ್ದ ಲಾರಿಗೆ ಉಜ್ಜಿ, ರಸ್ತೆಬದಿಯ ಮರಕ್ಕೆ ಅಡ್ಡಲಾಗಿ ಬಡಿಯಿತು. ವಾಕರ್ ಕಾರು ನಿಲ್ಲಿಸಿ ಓಡಿ ಬಂದಾಗ ಹಾಥಾರ್ನ್ ಹಿಂದಿನ ಸೀಟಿನಲ್ಲಿ ಬಿದ್ದಿದ್ದ. ಉಳಿಯಲಿಲ್ಲ.

ಚಾಂಪಿಯನ್ ಆಗಿ ಮೂರು ತಿಂಗಳು, ಮೂರು ದಿನ. ಅಪ್ರೆಂಟಿಸ್ ಆಗಿ ಕೆಲಸ ಕಲಿತ ಊರಿನ ಅಂಚು.

ವಿಚಾರಣೆಯಲ್ಲಿ ಆಕಸ್ಮಿಕ ಸಾವು ಅಂತ ತೀರ್ಪಾಯಿತು. ಗಾಳಿ ಹೊಡೆತವೋ, ಟೈರೋ, ಯಂತ್ರದ ದೋಷವೋ, ಮೂತ್ರಪಿಂಡದ ಕಾಯಿಲೆಯಿಂದ ಪ್ರಜ್ಞೆ ತಪ್ಪಿತೋ ಅಂತ ಅಭಿಮಾನಿಗಳು ಇವತ್ತಿಗೂ ವಾದ ಮಾಡುತ್ತಾರೆ. ಅಷ್ಟು ಚೆನ್ನಾಗಿ ಓಡಿಸುವವನು ಸುಮ್ಮನೆ ಜಾರಿ ಹೋಗೋದು ಹೇಗೆ ಅನ್ನೋದು ಆ ಎಲ್ಲ ವಾದಗಳ ಒಳಗಿರುವ ಪ್ರಶ್ನೆ. ಅಂದರೆ ಮರಳು ಹುಡುಕೋ ಕೆಲಸ ಇನ್ನೂ ನಡೀತಿದೆ.

ಫಸ್ಟ್ ಇಯರ್ ಮೆಕ್ಯಾನಿಕ್ಸ್ ಸಾಕು ಇದಕ್ಕೆ. ಬ್ರೇಕ್ ಹಾಕಿದ ಮೇಲೆ ಕಾರು ನಿಲ್ಲುವ ದೂರ ವೇಗದ ವರ್ಗಕ್ಕೆ ಅನುಪಾತ, ಘರ್ಷಣೆಯ ಗುಣಾಂಕಕ್ಕೆ ವಿಲೋಮ. ಒಣ ರಸ್ತೆಗೆ 0.7 ಅಂತಿಟ್ಟುಕೊಂಡರೆ ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲೋಕೆ 56 ಮೀಟರ್. ಒದ್ದೆ ರಸ್ತೆಗೆ 0.4 ಅಂತಿಟ್ಟರೆ 98 ಮೀಟರ್. ಅದೇ ಒದ್ದೆಯಲ್ಲಿ ವೇಗ 130 ಆದರೆ 166 ಮೀಟರ್. ಓಡಿಸುತ್ತಿರುವವನು ಯಾರು ಅನ್ನೋದಕ್ಕೆ ಈ ಸೂತ್ರದಲ್ಲಿ ಜಾಗ ಇಲ್ಲ. ಪ್ರತಿಕ್ರಿಯೆಯ ಸಮಯದಲ್ಲಿ ಒಳ್ಳೆಯ ಡ್ರೈವರ್ ಒಂದಿಷ್ಟು ಮೀಟರ್ ಉಳಿಸಬಹುದು. ಆದರೆ ತನಗೆ ಆ ಒಂದಿಷ್ಟು ಮೀಟರ್ ಉಳಿಯುತ್ತೆ ಅಂತ ಗೊತ್ತಿರುವವನು ಅದನ್ನು ಉಳಿಸಿ ಇಟ್ಟುಕೊಳ್ಳೋದಿಲ್ಲ, ವೇಗಕ್ಕೆ ಖರ್ಚು ಮಾಡುತ್ತಾನೆ. ಅಲ್ಲಿಗೆ ಅವನೂ ನಾವೂ ಸಮ, ಕೆಲವೊಮ್ಮೆ ಅವನೇ ಕೆಳಗೆ.

ಇದು ಬರೀ ನನ್ನ ಊಹೆಯಲ್ಲ. ಹಾಥಾರ್ನ್ ಸತ್ತು 15 ವರ್ಷದ ನಂತರ, 1974ರಲ್ಲಿ, ಅಲನ್ ವಿಲಿಯಮ್ಸ್ ಮತ್ತು ಬ್ರಯನ್ ಓನೀಲ್ ಎಂಬ ಸಂಶೋಧಕರು ಅಮೆರಿಕದಲ್ಲಿ ರೇಸ್ ಲೈಸೆನ್ಸ್ ಇರುವವರ ದಿನನಿತ್ಯದ ರಸ್ತೆ ದಾಖಲೆಗಳನ್ನು ತೆಗೆದು, ಅದೇ ವಯಸ್ಸಿನ ಸಾಮಾನ್ಯ ಡ್ರೈವರ್‌ಗಳ ದಾಖಲೆ ಜೊತೆ ಇಟ್ಟು ನೋಡಿದರು. ಕಾರು ಹಿಡಿತದಲ್ಲಿಡೋದನ್ನು ನಿಜವಾಗಿ ಕಲಿತವರ ಹೆಸರಿನಲ್ಲೇ ಹೆಚ್ಚು ಅಪಘಾತ, ಹೆಚ್ಚು ವೇಗಮಿತಿ ಉಲ್ಲಂಘನೆ ಇದ್ದವು. ಸ್ವೆನ್ಸನ್ ಕೂಡ ಕೌಶಲ ಒಂದು ಪ್ರಶ್ನೆ, ಸುರಕ್ಷತೆ ಇನ್ನೊಂದು ಪ್ರಶ್ನೆ ಅಂತ ಬೇರೆ ಬೇರೆಯಾಗಿಯೇ ಕೇಳಿದ್ದ. ನಾವು ಕ್ಯಾಂಟೀನಿನಲ್ಲಿ ಉತ್ತರ ಹೇಳುವಾಗ ಎರಡನ್ನೂ ಒಂದೇ ಮಾಡಿಬಿಡುತ್ತೇವೆ. ಹಾಥಾರ್ನ್ ಮೊದಲನೆಯ ಪ್ರಶ್ನೆಗೆ ಏನು ಉತ್ತರ ಕೊಟ್ಟಿದ್ದರೂ ನಾನು ಒಪ್ಪುತ್ತಿದ್ದೆ.

ಫಾರ್ನಮ್‌ನ ವೆಸ್ಟ್ ಸ್ಟ್ರೀಟ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು. ಮ್ಯಾಕ್ಲಿನ್ ಹೂಡಿದ್ದ ಮೊಕದ್ದಮೆ ಇನ್ನೂ ನಡೆಯುತ್ತಿತ್ತು. ಪ್ರತಿವಾದಿಯೇ ಇಲ್ಲದ ಮೇಲೆ ಅದು ತೀರ್ಪಿಲ್ಲದೆ ಮುಗಿಯಿತು. ಆ ಜೂನ್ ಸಂಜೆ ಪಿಟ್ ಎದುರು ಬಿಟ್ಟ ಜಾಗ ಸಾಕಾಗಿತ್ತೋ ಇಲ್ಲವೋ ಅಂತ ಕೋರ್ಟಿನಲ್ಲಿ ಯಾರೂ ಅಳೆಯಲಿಲ್ಲ.